ಸರ್ವನಾಮದ ಗುರುತು: ಇಂಗ್ಲಿಷ್ ವಾಕ್ಯದ ಓದು ಮತ್ತು ವಿಜಯಪುರ ಸೀಮೆಯ ಕನ್ನಡ

ಇಂಗ್ಲಿಷ್ ವಾಕ್ಯವೊಂದರಲ್ಲಿ ಬರುವ ಸರ್ವನಾಮವು ಯಾರನ್ನು ಅಥವಾ ಯಾವುದನ್ನು ಸೂಚಿಸುತ್ತದೆ ಎಂಬುದನ್ನು ಕನ್ನಡದ ಓದುಗನು ಹೇಗೆ ಗುರುತಿಸುತ್ತಾನೆ, ಆ ಗುರುತಿಸುವಿಕೆಯಲ್ಲಿ ಅವನ ಮನೆಮಾತು ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಮೇಲುನೋಟಕ್ಕೆ ಇದು ಶಾಲಾ ವ್ಯಾಕರಣದ ಸಣ್ಣ ಸಂಗತಿಯೆಂದು ತೋರಬಹುದು. ಆದರೆ ವಿಜಯಪುರ ನಗರ, ಹಾಗೂ ಹಿಂದೆ ವಿಜಯಪುರ ತಾಲ್ಲೂಕಿನಲ್ಲಿಯೇ ಇದ್ದು ಈಗ ತಾವೇ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪಾಠದ ಒಂದೆರಡು ಸಾಲುಗಳನ್ನು ಕೊಟ್ಟು, ‘ಇಲ್ಲಿ ಹೀ ಎಂದರೆ ಯಾರು, ಇಟ್ ಎಂದರೆ ಯಾವುದು’ ಎಂದು ಕೇಳುವುದು ರೂಢಿಯಾಗಿದೆ. ಪಾಠವನ್ನು ಬಾಯಿಪಾಠ ಮಾಡಿದವನು ಅದಕ್ಕೆ ಉತ್ತರ ಬರೆದಾನು. ಎಂದೂ ಕಾಣದ ಗದ್ಯಭಾಗವನ್ನು ಕೊಟ್ಟಾಗ ಅವನ ಕೈ ನಿಂತುಬಿಡುತ್ತದೆ. ಪ್ರತಿಯೊಂದು ಪದದ ಅರ್ಥ ಗೊತ್ತಿದ್ದೂ ವಾಕ್ಯದ ಅರ್ಥ ಕೈಗೆ ಸಿಗದಿರುವ ಈ ಸ್ಥಿತಿಗೆ ಪದಸಂಪತ್ತಿನ ಕೊರತೆಯೇ ಕಾರಣವೆಂದು ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಕಾರಣದ ಒಂದು ದೊಡ್ಡ ಪಾಲು, ಸರ್ವನಾಮವನ್ನು ನಾವು ವಿವರಿಸುತ್ತ ಬಂದಿರುವ ರೀತಿಯಲ್ಲಿದೆ.

‘ನಾಮಪದದ ಬದಲಿಗೆ ಬಳಸುವ ಪದವೇ ಸರ್ವನಾಮ’ ಎಂಬ ವಿವರಣೆಯನ್ನು ಕನ್ನಡ ವ್ಯಾಕರಣದ ಪಾಠದಲ್ಲಿಯೂ ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿಯೂ ನಮ್ಮ ಮಕ್ಕಳು ಕೇಳುತ್ತಾರೆ. ಇಂಗ್ಲಿಷಿನ ‘ಪ್ರೊನೌನ್’ ಎಂಬ ಹೆಸರಿನ ಹಿಂದೆ ಲ್ಯಾಟಿನ್ನಿನ, ಅದರ ಹಿಂದೆ ಗ್ರೀಕಿನ ಪರಂಪರೆಯಿದ್ದು, ಅಲ್ಲಿ ‘ನಾಮದ ಬದಲಿ’ ಎಂಬುದೇ ಆ ಪದದ ಅರ್ಥ. ಪಾಣಿನಿಯಲ್ಲಿಯಾದರೋ ಮಾತು ಬೇರೆ. ‘ಸರ್ವ’ ಎಂಬ ಪದದಿಂದ ಮೊದಲಾಗುವ ಒಂದು ಪದಗಣಕ್ಕೆ ಅವನು ಸರ್ವನಾಮವೆಂಬ ಸಂಜ್ಞೆಯನ್ನು ಕೊಟ್ಟಿದ್ದಾನೆ. ಎಲ್ಲಕ್ಕೂ ಹೆಸರಾಗಬಲ್ಲುದು ಎಂಬ ಅರ್ಥವನ್ನು ಟೀಕಾಕಾರರು ಅದಕ್ಕೆ ಕೂಡಿಸಿದ್ದಾರೆ. ಅಲ್ಲಿ ‘ಬದಲಿ’ ಎಂಬ ಕಲ್ಪನೆಯಿಲ್ಲ. ಹೆಸರನ್ನು ಮಾತ್ರ ಸಂಸ್ಕೃತದಿಂದ ತೆಗೆದುಕೊಂಡು, ವಿವರಣೆಯನ್ನು ಇಂಗ್ಲಿಷ್ ಶಾಲಾ ವ್ಯಾಕರಣದಿಂದ ತೆಗೆದುಕೊಂಡು, ಎರಡನ್ನೂ ಕನ್ನಡದ ಮೇಲೆ ಹೊರಿಸಿರುವುದು ನಮ್ಮ ಪಠ್ಯಪುಸ್ತಕಗಳ ಸಾಧನೆ. ರೆನ್ ಮತ್ತು ಮಾರ್ಟಿನ್ ಅವರ ಪ್ರಸಿದ್ಧ ವ್ಯಾಕರಣಗ್ರಂಥ ಈ ವಿವರಣೆಯನ್ನು ಭಾರತದ ಮನೆಮನೆಗೆ ಮುಟ್ಟಿಸಿತು. ಕಾದಂಬರಿಕಾರನೆಂದೂ ಹೆಸರಾದ ಪಿ.ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದವನು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ವಿಜಯಪುರ ಜಿಲ್ಲೆಯೂ ಆ ಪ್ರಾಂತಕ್ಕೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಪರಿಭಾಷೆಯ ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಕನ್ನಡ ತರಗತಿಯಲ್ಲಿ ‘ಅವನು, ಅವಳು, ಅದು’ ಎಂಬುವು ಪ್ರಥಮ ಪುರುಷ. ಮುಂದಿನ ಅವಧಿಯ ಇಂಗ್ಲಿಷ್ ತರಗತಿಯಲ್ಲಿ ‘ಫಸ್ಟ್ ಪರ್ಸನ್’ ಎಂದರೆ ‘ನಾನು’. ಸಂಸ್ಕೃತದ ಎಣಿಕೆ ಒಂದು ಕಡೆಯಿಂದ, ಇಂಗ್ಲಿಷಿನ ಎಣಿಕೆ ಇನ್ನೊಂದು ಕಡೆಯಿಂದ ಮೊದಲಾಗುತ್ತದೆ. ಒಂದೇ ಗಂಟೆಯ ಅಂತರದಲ್ಲಿ ‘ಪ್ರಥಮ’ವೆಂಬುದು ತಲೆಕೆಳಗಾಗುವುದನ್ನು ಹನ್ನೆರಡು ವರ್ಷದ ಮಗು ಯಾರ ವಿವರಣೆಯೂ ಇಲ್ಲದೆ ಸಹಿಸಿಕೊಳ್ಳಬೇಕಾಗಿದೆ. ‘ಅನ್ಯ ಪುರುಷ’ವೆಂಬ ಮಾತನ್ನು ಬಳಸುವ ವ್ಯಾಕರಣಕಾರರ ಜಾಣ್ಮೆಯನ್ನು ಈ ಕಾರಣದಿಂದಲೇ ಮೆಚ್ಚಬೇಕು.

ಇನ್ನು ವಿಷಯಕ್ಕೆ ಬರಬಹುದು. ಕನ್ನಡದ ‘ಅವನು’ ಮತ್ತು ಇಂಗ್ಲಿಷಿನ ‘ಹೀ’ ಒಂದೇ ಜಾತಿಯ ಪದಗಳಲ್ಲ. ಕನ್ನಡದ್ದು ಬೊಟ್ಟು ಮಾಡಿ ತೋರಿಸುವ ಪದ. ಅದರಲ್ಲಿ ‘ಆ’ ಎಂಬ ದೂರದ ಗುರುತು ಇದೆ. ಅದಕ್ಕೆ ಎದುರಾಗಿ ‘ಈ’ ಎಂಬುದರಿಂದ ಹುಟ್ಟಿದ ‘ಇವನು’ ಇದೆ. ಪ್ರಶ್ನೆಗೆ ‘ಯಾವನು’ ಇದೆ. ವಿಜಯಪುರ ಸೀಮೆಯ ಮಾತಿನ ‘ಅವ, ಇವ, ಆಕಿ, ಈಕಿ’ ಎಂಬಲ್ಲಿಯೂ ವ್ಯವಸ್ಥೆ ಇದೇ. ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಪ್ರಕಟವಾದ ಸರ್ವನಾಮಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಲೋಕದ ಭಾಷೆಗಳನ್ನು ಈ ದೃಷ್ಟಿಯಿಂದ ಎರಡಾಗಿ ವಿಂಗಡಿಸಿದ್ದಾರೆ. ಕೆಲವು ಭಾಷೆಗಳಲ್ಲಿ ಅನ್ಯ ಪುರುಷದ ಪದಗಳು ‘ನಾನು, ನೀನು’ಗಳ ಸಾಲಿಗೆ ಸೇರುತ್ತವೆ, ಇನ್ನು ಕೆಲವುಗಳಲ್ಲಿ ಅವು ತೋರುಪದಗಳ ಸಾಲಿಗೆ ಸೇರುತ್ತವೆ. ಕನ್ನಡ ಎರಡನೆಯ ಬಗೆಯದು, ಇಂಗ್ಲಿಷ್ ಮೊದಲನೆಯ ಬಗೆಯದು. ‘ನಾನು, ನೀನು’ಗಳು ಯಾವ ನಾಮಪದದ ಬದಲಿಗೂ ಬರುವುದಿಲ್ಲ, ಅವು ಮಾತಿನಲ್ಲಿ ಯಾರು ಯಾವ ಪಾತ್ರ ವಹಿಸಿದ್ದಾರೆ ಎಂಬುದನ್ನು ಹೇಳುತ್ತವೆ ಎಂಬುದು ಅವರ ವಾದದ ಇನ್ನೊಂದು ಎಳೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಟ್ಟರು ಬಹುಕಾಲ ಹೇಳುತ್ತ ಬಂದರು. ಅದಕ್ಕೆ ಪರ ವಿರೋಧದ ಚರ್ಚೆಗಳೂ ಬೇಕಾದಷ್ಟು ನಡೆದವು. ಆದರೆ ಆ ಚರ್ಚೆಯು ಮಹಾಪ್ರಾಣ ಬೇಕೇ ಬೇಡವೇ ಎಂಬಲ್ಲಿಯೇ ಸುತ್ತುತ್ತ ಉಳಿದು, ಅವರ ಸರ್ವನಾಮ ವಿಚಾರದ ಫಲ ಇಂಗ್ಲಿಷ್ ಕಲಿಸುವವರಿಗೆ ತಲುಪದೆ ಹೋದುದು ವಿಷಾದದ ಸಂಗತಿ.

ಈ ವ್ಯತ್ಯಾಸದ ಪರಿಣಾಮ ಓದಿನಲ್ಲಿ ಹೇಗೆ ತೋರುತ್ತದೆ? ಬೊಟ್ಟು ಮಾಡುವ ಪದವನ್ನು ಕೇಳಿದೊಡನೆ ಕನ್ನಡದ ಮನಸ್ಸು ‘ಯಾವ ಕಡೆಗೆ’ ಎಂದು ಹುಡುಕುತ್ತದೆ. ಇಂಗ್ಲಿಷಿನ ‘ಹೀ’ ಯಾವ ಕಡೆಗೂ ಬೊಟ್ಟು ಮಾಡುವುದಿಲ್ಲ. ಈಗಾಗಲೇ ಮನಸ್ಸಿನಲ್ಲಿ ಇರುವವನನ್ನು ಹಾಗೆಯೇ ಮುಂದುವರಿಸು ಎಂದಷ್ಟೇ ಅದು ಹೇಳುತ್ತದೆ. ಇಬ್ಬರು ಗಂಡಸರ ನಡುವಿನ ಸಂಗತಿಯನ್ನು ಹೇಳುವಾಗ ಬಬಲೇಶ್ವರದ ಹಿರಿಯರು ಒಬ್ಬನನ್ನು ‘ಇವ’ ಎಂದೂ ಮತ್ತೊಬ್ಬನನ್ನು ‘ಅವ’ ಎಂದೂ ಹಿಡಿದು ಕೊನೆಯವರೆಗೆ ಗೊಂದಲವಿಲ್ಲದೆ ನಡೆಸಿಕೊಂಡು ಹೋಗುವುದುಂಟು. ‘ಇವ ಕೇಳಿದ, ಅವ ಕೊಡಲಿಲ್ಲ, ಇವ ಎದ್ದು ಬಂದ.’ ಇದೇ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಮೂರೂ ಕಡೆ ‘ಹೀ’ ಬರುತ್ತದೆ. ಇಂಗ್ಲಿಷ್ ಬರೆಹಗಾರನು ಒಂದು ಕಡೆ ಹೆಸರನ್ನಾದರೂ ಮತ್ತೆ ಹೇಳಬೇಕು, ಇಲ್ಲವೇ ಓದುಗನ ಲೋಕಜ್ಞಾನವನ್ನು ನಂಬಬೇಕು.

ಲೋಕಜ್ಞಾನದ ಮಾತು ಬಂದುದರಿಂದ ಒಂದು ಉದಾಹರಣೆ. ವಿಜಯಪುರದ ಕೋಟೆಯ ಅಗಸಿಗಳನ್ನು ಬಲ್ಲವರಿಗೆ ಈ ವಾಕ್ಯ ತಾನಾಗಿ ತಿಳಿಯುತ್ತದೆ: ‘ದ ಲಾರಿ ಕುಡ್ ನಾಟ್ ಗೋ ಥ್ರೂ ದ ಗೇಟ್ ಬಿಕಾಸ್ ಇಟ್ ವಾಸ್ ಟೂ ವೈಡ್.’ ಇಲ್ಲಿ ‘ಇಟ್’ ಎಂದರೆ ಲಾರಿ. ಕೊನೆಯ ಪದವನ್ನು ಮಾತ್ರ ಬದಲಿಸಿ ‘ಟೂ ನ್ಯಾರೋ’ ಎಂದರೆ ‘ಇಟ್’ ಎಂಬುದು ಅಗಸಿಯಾಗುತ್ತದೆ. ವ್ಯಾಕರಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಲಿಂಗ, ವಚನ, ಪದಗಳ ಕ್ರಮ ಎಲ್ಲವೂ ಮೊದಲಿನಂತೆಯೇ ಇವೆ. ಬದಲಾದುದು ಲಾರಿ ಮತ್ತು ಅಗಸಿಗಳ ವಿಷಯದಲ್ಲಿ ನಮಗಿರುವ ತಿಳಿವಳಿಕೆಯನ್ನು ಎಚ್ಚರಿಸಿದ ಒಂದು ಗುಣವಾಚಕ. ಇಂಥ ವಾಕ್ಯಗಳ ಮಹತ್ವವನ್ನು 1972ರಷ್ಟು ಹಿಂದೆಯೇ ಟೆರಿ ವಿನೊಗ್ರಾಡ್ ಎಂಬ ಗಣಕವಿಜ್ಞಾನಿ ತೋರಿಸಿಕೊಟ್ಟನು. ಅವನ ಹೆಸರಿನಲ್ಲಿಯೇ ಹೆಕ್ಟರ್ ಲೆವೆಕ್ ಎಂಬ ವಿದ್ವಾಂಸನು ಯಂತ್ರಗಳಿಗೆ ಅರ್ಥವಾಗುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದನ್ನು ಮುಂದೆ ರೂಪಿಸಿದನು. ಯಂತ್ರಗಳು ಈಗ ಆ ಪರೀಕ್ಷೆಯನ್ನು ಬಹುಮಟ್ಟಿಗೆ ದಾಟಿವೆ. ನಮ್ಮ ಶಾಲೆಗಳಲ್ಲಿ ಮಾತ್ರ ‘ಸರ್ವನಾಮಕ್ಕೆ ಹತ್ತಿರದ ನಾಮಪದವನ್ನು ನೋಡಿ’ ಎಂಬ ಸೂತ್ರ ಇನ್ನೂ ನಡೆಯುತ್ತಿದೆ. ಮೇಲಿನ ಎರಡು ವಾಕ್ಯಗಳಲ್ಲಿ ಈ ಸೂತ್ರ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ. ನಾಣ್ಯ ಚಿಮ್ಮಿದರೂ ಫಲ ಇಷ್ಟೇ.

ಕನ್ನಡದ ಓದುಗನಿಗೆ ಇಲ್ಲಿ ಕಷ್ಟವಿಲ್ಲ, ಲೋಕಜ್ಞಾನ ಅವನಿಗೂ ಇದೆ. ಕಷ್ಟವಿರುವುದು ಬೇರೆ ಕಡೆಯಲ್ಲಿ; ಅದು ‘ತಾನು’ ಎಂಬ ಪದದ ಸುತ್ತ ಇದೆ. ಈ ಭಾಗವನ್ನು ತುಸು ವಿಸ್ತಾರವಾಗಿ ನೋಡಬೇಕು.

ತಿಕೋಟಾ ಭಾಗ ದ್ರಾಕ್ಷಿಗೆ ಹೆಸರಾದುದು. ಮನೂಕದ ವ್ಯವಹಾರ ಅಲ್ಲಿ ಮಕ್ಕಳಿಗೂ ಪರಿಚಿತ. ಹಾಗಾಗಿ ಈ ವಾಕ್ಯವನ್ನು ತೆಗೆದುಕೊಳ್ಳೋಣ: ‘ದ ಫಾರ್ಮರ್ ಟೋಲ್ಡ್ ದ ಟ್ರೇಡರ್ ದಟ್ ಹಿಸ್ ರೈಸಿನ್ಸ್ ವರ್ ವೆಟ್.’ ಹಸಿಯಾಗಿದ್ದುದು ಯಾರ ಮನೂಕ? ರೈತನದೇ ಆಗಿದ್ದರೆ ಅದು ಪ್ರಾಮಾಣಿಕನ ಮಾತು, ಬಹುಶಃ ನಷ್ಟದ ಮಾತು. ವರ್ತಕನದಾಗಿದ್ದರೆ ಅದು ದೂರು ಅಥವಾ ಎಚ್ಚರಿಕೆ. ಇಂಗ್ಲಿಷ್ ವಾಕ್ಯ ಎರಡನ್ನೂ ಒಳಗಿಟ್ಟುಕೊಂಡು ಸುಮ್ಮನೆ ನಿಂತಿದೆ. ಕನ್ನಡದಲ್ಲಿ ಈ ಮಾತನ್ನು ಹೇಳುವವನು ಮೊದಲೇ ತೀರ್ಮಾನಿಸಿರಬೇಕು. ‘ತನ್ನ ಮನೂಕ ಹಸಿಯಾಗಿದೆಯೆಂದು ರೈತ ವರ್ತಕನಿಗೆ ಹೇಳಿದ’ ಎಂದರೆ ರೈತನದು. ‘ಅವನ ಮನೂಕ’ ಎಂದರೆ ವರ್ತಕನದು ಅಥವಾ ಬೇರೆ ಯಾರದೋ. ರೈತನದಂತೂ ಸಾಮಾನ್ಯವಾಗಿ ಅಲ್ಲ. ‘ತಾನು, ತನ್ನ’ ಎಂಬುವು ಮಾತಿನ ಕರ್ತೃವನ್ನು ಹಿಡಿಯುತ್ತವೆ. ‘ಅವನು, ಅವನ’ ಎಂಬುವು ಅವನಿಂದಾಚೆಗೆ ನೋಡುತ್ತವೆ. ಕನ್ನಡವು ಎರಡು ಪದಗಳಲ್ಲಿ ಹಂಚಿಟ್ಟ ಕೆಲಸವನ್ನು ಇಂಗ್ಲಿಷ್ ಒಂದೇ ಪದದಿಂದ ಮಾಡಿಸುತ್ತದೆ.

‘ಹೀ ಎಂದರೆ ಅವನು, ಹಿಸ್ ಎಂದರೆ ಅವನ’ ಎಂದು ಮೊದಲ ದಿನವೇ ಕಲಿತ ವಿದ್ಯಾರ್ಥಿ ಮೇಲಿನ ವಾಕ್ಯವನ್ನು ಓದಿದಾಗ ಏನಾಗುತ್ತದೆ? ಅವನ ಮನಸ್ಸಿನಲ್ಲಿ ‘ಅವನ ಮನೂಕ’ ಎಂದು ಅನುವಾದವಾಗುತ್ತದೆ. ಅನುವಾದವಾದೊಡನೆ ಇಂಗ್ಲಿಷಿನಲ್ಲಿದ್ದ ಎರಡು ಅರ್ಥಗಳಲ್ಲಿ ಒಂದು ಮುಚ್ಚಿಹೋಗುತ್ತದೆ, ಅದೂ ಇಂಗ್ಲಿಷ್ ಓದುಗನು ಅನೇಕ ವೇಳೆ ಮೊದಲು ಹಿಡಿಯುವ ಅರ್ಥವೇ. ‘ರಾಮ ಸೋಲ್ಡ್ ಹಿಸ್ ಲ್ಯಾಂಡ್’ ಎಂಬ ಸರಳ ವಾಕ್ಯದಲ್ಲಿಯೂ ಇದೇ ಆಗುತ್ತದೆ. ‘ರಾಮನು ಅವನ ಹೊಲವನ್ನು ಮಾರಿದನು’ ಎಂಬ ಶಾಲಾ ಅನುವಾದವನ್ನು ವಿಜಯಪುರದ ಯಾವ ಒಕ್ಕಲಿಗನಿಗೆ ಹೇಳಿದರೂ ‘ಯಾರ ಹೊಲಾ?’ ಎಂಬ ಪ್ರಶ್ನೆ ಬರುತ್ತದೆ. ಮತ್ತೊಬ್ಬನ ಹೊಲವನ್ನು ಮಾರುವುದು ಬೇರೆಯೇ ವ್ಯವಹಾರ. ಆ ಪ್ರಶ್ನೆ ಕೇಳುವ ಒಕ್ಕಲಿಗನಿಗೆ ವ್ಯಾಕರಣ ಗೊತ್ತಿದೆ, ತಪ್ಪಿದ್ದು ತರಗತಿಯ ಸಮೀಕರಣ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಶಾಲಾ ವ್ಯಾಕರಣಗಳು ‘ತಾನು, ತಾವು’ಗಳನ್ನು ಆತ್ಮಾರ್ಥಕ ಸರ್ವನಾಮಗಳೆಂದು ಕರೆಯುತ್ತವೆ. ಇಂಗ್ಲಿಷ್ ವ್ಯಾಕರಣದ ‘ರಿಫ್ಲೆಕ್ಸಿವ್’ ಎಂಬುದಕ್ಕೂ ಅದೇ ಹೆಸರನ್ನು ಕೊಡುವುದರಿಂದ, ‘ತನ್ನನ್ನು’ ಎಂದರೆ ‘ಹಿಮ್‌ಸೆಲ್ಫ್’ ಎಂಬ ಇನ್ನೊಂದು ಸಮೀಕರಣ ಹುಟ್ಟಿಕೊಂಡಿದೆ. ಇದು ಅರ್ಧ ಸತ್ಯವೂ ಅಲ್ಲ. ‘ಕೃಷ್ಣ ತನ್ನನ್ನು ಹೊಗಳಿದನೆಂದು ರಾಮ ಹೇಳಿದ’ ಎಂಬಲ್ಲಿ ಹೊಗಳಿಕೆ ಸಂದುದು ರಾಮನಿಗೆ. ಇದನ್ನು ಇಂಗ್ಲಿಷಿಗೆ ತರುವಾಗ ‘ಹಿಮ್’ ಎನ್ನಬೇಕು. ‘ಹಿಮ್‌ಸೆಲ್ಫ್’ ಎಂದರೆ ಕೃಷ್ಣ ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದೆ. ಅಂದರೆ ಕನ್ನಡದ ಒಂಟಿ ‘ತನ್ನನ್ನು’ ತನ್ನ ಸಮೀಪದ ಕರ್ತೃವನ್ನು ಬಿಟ್ಟು ಮೇಲಿನ ಕರ್ತೃವನ್ನು ಹಿಡಿಯುತ್ತದೆ. ಸಮೀಪದವನನ್ನೇ ಹಿಡಿಯಬೇಕಾದರೆ ‘ತನ್ನನ್ನು ತಾನು’ ಎಂಬ ಜೋಡಿಯೋ, ಕ್ರಿಯಾಪದಕ್ಕೆ ‘ಕೊಳ್ಳು’ ಎಂಬುದರ ಸೇರಿಕೆಯೋ ಬೇಕು. ‘ಹೊಗಳಿಕೊಂಡ’, ಈ ಸೀಮೆಯ ಮಾತಿನಲ್ಲಿ ‘ಹೊಗಳಕೊಂಡ’. ಇಂಗ್ಲಿಷ್ ಸರ್ವನಾಮದಲ್ಲಿ ಇಟ್ಟ ಗುರುತನ್ನು ಕನ್ನಡ ಕ್ರಿಯಾಪದದಲ್ಲಿ ಇಡುತ್ತದೆ. ಚಾಮ್ಸ್ಕಿಯ 1981ರ ಗ್ರಂಥದ ಅನಂತರ ಭಾಷಾಶಾಸ್ತ್ರದಲ್ಲಿ ಈ ಬಗೆಯ ಪದಗಳ ಚರ್ಚೆ ಬಿರುಸಾಗಿ ನಡೆಯಿತು. ಕನ್ನಡದ ‘ತಾನು’ ಮತ್ತು ‘ಕೊಳ್ಳು’ಗಳನ್ನು ಆರ್. ಅಮೃತವಲ್ಲಿ, ಜೆಫ್ರಿ ಲಿಡ್ಜ್ ಮೊದಲಾದವರು ಲೋಕದ ವಿದ್ವಾಂಸರ ಗಮನಕ್ಕೆ ತಂದರು. ಅವರ ಬರೆಹಗಳು ಇಂಗ್ಲಿಷಿನಲ್ಲಿವೆ, ಕನ್ನಡದ ಇಂಗ್ಲಿಷ್ ಶಿಕ್ಷಕನ ಮೇಜಿನ ಮೇಲೆ ಇಲ್ಲ.

‘ತಾನು’ ಎಲ್ಲ ಸಂದೇಹಗಳನ್ನೂ ಕಳೆಯುತ್ತದೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು. ವಾಕ್ಯದೊಳಗೆ ವಾಕ್ಯ, ಅದರೊಳಗೆ ಇನ್ನೊಂದು ವಾಕ್ಯ ಬಂದಾಗ ‘ತಾನು’ ಯಾವ ಮೆಟ್ಟಿಲಿನವನು ಎಂಬ ಸಂದೇಹ ಕನ್ನಡದಲ್ಲಿಯೂ ಉಳಿಯುತ್ತದೆ. ‘ತಾವು’ ಎಂಬುದಂತೂ ಶಿಷ್ಟ ಕನ್ನಡದಲ್ಲಿ ಮಧ್ಯಮ ಪುರುಷದ ಗೌರವವಾಚಕವೂ ಆಗಿರುವುದರಿಂದ, ‘ತಾವು ಸಭೆಗೆ ಬರುವುದಿಲ್ಲವೆಂದು ಅಧ್ಯಕ್ಷರು ತಿಳಿಸಿದರು’ ಎಂಬ ವಾಕ್ಯದಲ್ಲಿ ಬಾರದವರು ಅಧ್ಯಕ್ಷರೋ ಕೇಳುತ್ತಿರುವ ಮಹನೀಯರೋ ಎಂಬುದು ಕಚೇರಿಯ ಪತ್ರಗಳಲ್ಲಿ ನಿಜವಾಗಿಯೇ ತೊಡಕು ತರಬಲ್ಲುದು. ಆಡುಮಾತು ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಕಳೆದುಕೊಳ್ಳುತ್ತದೆ. ವಿಜಯಪುರದಲ್ಲಿ ಸಾಮಾನ್ಯವಾಗಿ ಕೇಳುವುದು ‘ನಾ ಬರಂಗಿಲ್ಲ ಅಂದ’ ಎಂಬ ರೂಪ. ಬೇರೊಬ್ಬನ ಮಾತನ್ನು ಅವನ ‘ನಾ’ ಸಮೇತ ಎತ್ತಿಕೊಂಡು ಬಂದು ‘ಅಂದ’ ಎಂಬುದಕ್ಕೆ ಒಪ್ಪಿಸುವ ಕ್ರಮವಿದು. ಇಂಗ್ಲಿಷಿನ ಪರೋಕ್ಷ ಕಥನಕ್ಕೆ ಬದಲಾಯಿಸುವ ಅಭ್ಯಾಸದಲ್ಲಿ ಈ ‘ನಾ’ ಎಂಬುದು ‘ಹೀ’ ಆಗಬೇಕೆಂದು ವಿದ್ಯಾರ್ಥಿಗೆ ಹೇಳುತ್ತೇವೆ. ಏಕೆ ಆಗಬೇಕೆಂದು ಹೇಳುವುದಿಲ್ಲ. ಅವನ ಭಾಷೆಯಲ್ಲಿ ಆ ಬದಲಾವಣೆಯ ಅಗತ್ಯವೇ ಇಲ್ಲ ಎಂಬುದನ್ನು ಒಪ್ಪಿಕೊಂಡು ಮುಂದೆ ಹೋಗಿದ್ದರೆ ಪಾಠದ ಅರ್ಧ ಭಾರ ಇಳಿಯುತ್ತಿತ್ತು.

ಹೇಳದೆ ಬಿಡುವ ಸರ್ವನಾಮದ ವಿಚಾರವೂ ಇಲ್ಲಿಯೇ ಸೇರುತ್ತದೆ. ‘ಬಂದಾಳ’ ಎಂದರೆ ಬಂದವಳು ಹೆಣ್ಣು, ಒಬ್ಬಳು, ಮಾತಿನ ಹೊರಗಿನವಳು ಎಂಬ ಮೂರೂ ಸಂಗತಿಗಳು ತಿಳಿಯುತ್ತವೆ, ‘ಆಕಿ’ ಬೇಕಾಗಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಶಕ್ತಿಯಿಲ್ಲದ್ದರಿಂದ ‘ಶೀ’ಯನ್ನು ಬಿಡುವಂತಿಲ್ಲ. ಹೀಗಾಗಿ ಕನ್ನಡದಲ್ಲಿ ಸರ್ವನಾಮವನ್ನು ಹೇಳಿದಾಗ ಅದಕ್ಕೊಂದು ವಿಶೇಷವಾದ ಒತ್ತು ಅಥವಾ ತಿರುವು ಬರುತ್ತದೆ, ಇಂಗ್ಲಿಷಿನಲ್ಲಿ ಬರುವುದಿಲ್ಲ. ಇದರ ಪರಿಣಾಮ ಒಂದು ಬಗೆಯ ವಾಕ್ಯದಲ್ಲಿ ಎದ್ದು ಕಾಣುತ್ತದೆ: ‘ಆಫ್ಟರ್ ಹೀ ಕೇಮ್ ಹೋಮ್, ರಾಮ ಸ್ಲೆಪ್ಟ್.’ ಇಲ್ಲಿ ಸರ್ವನಾಮ ಮೊದಲು, ಹೆಸರು ಆಮೇಲೆ. ಬಂದವನೂ ಮಲಗಿದವನೂ ರಾಮನೇ ಎಂದು ಇಂಗ್ಲಿಷ್ ಓದುಗನು ಸಹಜವಾಗಿ ತಿಳಿಯುತ್ತಾನೆ. ‘ಅವನು ಮನೆಗೆ ಬಂದ ಮೇಲೆ ರಾಮ ಮಲಗಿದ’ ಎಂದು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಮನೆಗೆ ಬಂದವನು ಬೇರೆಯವನಾಗುತ್ತಾನೆ. ರಾಮ ಯಾರಿಗೋ ಕಾದು ಕುಳಿತಿದ್ದು, ಆತ ಬಂದ ಮೇಲೆ ಮಲಗಿದ ಎಂಬ ಬೇರೆಯೇ ಕಥೆ ಹುಟ್ಟುತ್ತದೆ. ಸರಿಯಾದ ಕನ್ನಡ ‘ಮನೆಗೆ ಬಂದ ಮೇಲೆ ರಾಮ ಮಲಗಿದ’ ಎಂಬುದು. ಅಲ್ಲಿ ಸರ್ವನಾಮದ ಜಾಗ ಖಾಲಿ. ಇಂಗ್ಲಿಷಿನ ‘ಹೀ’ ಎಂಬುದಕ್ಕೆ ಕನ್ನಡದಲ್ಲಿ ‘ಅವನು, ತಾನು, ಏನೂ ಇಲ್ಲ’ ಎಂಬ ಮೂರು ಉತ್ತರಗಳಿವೆ ಎಂಬುದನ್ನು ಒಂದನೆಯ ತರಗತಿಯಲ್ಲಿ ಹೇಳಲಾಗದಿದ್ದರೂ ಎಂಟನೆಯ ತರಗತಿಯಲ್ಲಿ ಹೇಳಬಹುದು. 2007ರಿಂದ ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಬಂದಿತು. ಕಲಿಕೆಯ ವರ್ಷಗಳು ಹೆಚ್ಚಿದವು, ಸಮೀಕರಣ ಹಳೆಯದೇ ಉಳಿಯಿತು.

ವಿಜಯಪುರದ ತರಗತಿ ಕೇವಲ ಕನ್ನಡದ ತರಗತಿಯಲ್ಲ ಎಂಬುದನ್ನೂ ಗಮನಿಸಬೇಕು. ನಗರದಲ್ಲಿ ಆದಿಲಶಾಹಿ ಕಾಲದಿಂದ ಬೆಳೆದು ಬಂದ ದಖನಿ ಉರ್ದುವಿದೆ. ತಿಕೋಟಾದಿಂದ ಪಶ್ಚಿಮಕ್ಕೆ ಹೊರಟರೆ ಮರಾಠಿ ಬೆರೆಯತೊಡಗುತ್ತದೆ. ಗಡಿಯಾಚೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡದವರೂ ಮರಾಠಿಯವರೂ ಕೂಡಿಯೇ ಇದ್ದಾರೆ. ಈ ಮೂರು ಭಾಷೆಗಳು ಮೂಲದಲ್ಲಿ ಬೇರೆಯಾದರೂ ಒಂದು ವಿಷಯದಲ್ಲಿ ಒಮ್ಮತ ಹೊಂದಿವೆ. ಕನ್ನಡದಲ್ಲಿ ‘ತನ್ನ’ ಇದ್ದಂತೆ ಉರ್ದುವಿನಲ್ಲಿ ‘ಅಪನಾ’, ಮರಾಠಿಯಲ್ಲಿ ‘ಆಪಲಾ’ ಇವೆ. ‘ಅವನ’ ಎಂಬುದಕ್ಕೆ ಉರ್ದುವಿನಲ್ಲಿ ‘ಉಸಕಾ’, ಮರಾಠಿಯಲ್ಲಿ ‘ತ್ಯಾಚಾ’ ಬೇರೆ ಇವೆ. ಅಂದರೆ ವಿಜಯಪುರದ ಯಾವ ಮನೆಯಿಂದ ಬಂದ ಮಗುವಾದರೂ ಸರಿ, ‘ಹಿಸ್’ ಎಂಬ ಒಂದೇ ಪದದಲ್ಲಿ ತನ್ನ ಭಾಷೆಯ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕಾಗಿದೆ. ಮೂರು ಮನೆಮಾತುಗಳಿಗೆ ಸಮಾನವಾದ ಇಂಥ ತೊಡಕು ಸಿಗುವುದು ಅಪರೂಪ. ಇನ್ನೊಂದು ಕಡೆ ಕನ್ನಡದ ಮಗುವಿಗೆ ಅನುಕೂಲವೂ ಇದೆ. ‘ಹಿಸ್, ಹರ್’ ಎಂಬ ಭೇದ ಒಡೆಯನ ಲಿಂಗವನ್ನು ಅನುಸರಿಸುತ್ತದೆ, ಕನ್ನಡದ ‘ಅವನ, ಅವಳ’ ಎಂಬುದೂ ಹಾಗೆಯೇ. ಉರ್ದುವಿನ ‘ಉಸಕಾ, ಉಸಕೀ’ ಎಂಬುದು ಒಡೆತನಕ್ಕೆ ಒಳಗಾದ ವಸ್ತುವಿನ ಲಿಂಗವನ್ನು ಅನುಸರಿಸುವುದರಿಂದ ಉರ್ದು ಮನೆಯ ಮಗು ‘ಹಿಸ್ ಸಿಸ್ಟರ್’ ಎನ್ನಬೇಕಾದಲ್ಲಿ ‘ಹರ್ ಸಿಸ್ಟರ್’ ಎಂದುಬಿಡುವ ಸಂಭವ ಹೆಚ್ಚು. ಮೂರು ಬೆಂಚುಗಳಲ್ಲಿ ಕುಳಿತ ಮೂವರ ತಪ್ಪುಗಳು ಒಂದೇ ಕೆಂಪು ಗೆರೆಗೆ ಯೋಗ್ಯವಲ್ಲ.

ಯಾವುದನ್ನೂ ಸೂಚಿಸದ ‘ಇಟ್’ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ‘ಇಟ್ ಈಸ್ ರೇನಿಂಗ್’ ಎಂಬಲ್ಲಿ ‘ಇಟ್’ ಎಂದರೇನೆಂದು ‘ಮಳಿ ಬರಾಕತ್ತೈತಿ’ ಎನ್ನುವ ಮಗು ಕೇಳಿದರೆ, ಏನೂ ಅಲ್ಲ, ಇಂಗ್ಲಿಷ್ ವಾಕ್ಯಕ್ಕೆ ಕರ್ತೃವಿನ ಜಾಗ ಖಾಲಿ ಬಿಡಲು ಬರುವುದಿಲ್ಲ ಎಂದು ಹೇಳಿದರೆ ಸಾಕು. ಗೌರವದ ‘ಅವರು’ ಮಾತ್ರ ಗಂಭೀರವಾದುದು. ಅದರಲ್ಲಿ ಹೆಣ್ಣು ಗಂಡು ಎಂಬ ಭೇದವೂ ಒಬ್ಬರು ಹಲವರು ಎಂಬ ಭೇದವೂ ಅಳಿದುಹೋಗುತ್ತವೆ. ‘ಗುರುಗಳು ಶಿಷ್ಯರಿಗೆ ಹೇಳಿದರು, ಅವರು ಒಪ್ಪಿದರು’ ಎಂಬಲ್ಲಿ ಒಪ್ಪಿದವರು ಯಾರೆಂದು ತಿಳಿಯಲು ಕನ್ನಡಿಗನೂ ಸಂದರ್ಭಕ್ಕೆ ಮೊರೆಹೋಗಬೇಕು. ಇಂಗ್ಲಿಷ್ ಓದುವಾಗ ಈ ರೂಢಿ ತಿರುಗಿ ಬರುತ್ತದೆ: ‘ದೇ’ ಎಂದು ಕಂಡಲ್ಲಿ ಗೌರವಕ್ಕೆ ಪಾತ್ರನಾದ ಒಬ್ಬನೇ ವ್ಯಕ್ತಿಯನ್ನು ಹಿಡಿಯುವ ಒಲವು ನಮ್ಮ ವಿದ್ಯಾರ್ಥಿಗಳಲ್ಲಿದೆ.

ಕಾನೂನಿನ ಇಂಗ್ಲಿಷ್ ಈ ಎಲ್ಲ ಸಂದೇಹಗಳಿಗೆ ಹೆದರಿ ಸರ್ವನಾಮವನ್ನು ಆದಷ್ಟು ದೂರವಿಟ್ಟು, ‘ಸದರಿ’ ಎಂಬರ್ಥದ ಪದವನ್ನು ಹಚ್ಚಿ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತದೆ. ನಮ್ಮ ಖರೀದಿಪತ್ರಗಳ ಕನ್ನಡವೂ ಅದೇ ದಾರಿಯದು. ಪುಲ್ಲಿಂಗದ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣ ವಿಧಿಸಿರುವುದರಿಂದ, ಕಾಯಿದೆಯ ‘ಹೀ’ ಎಂಬುದನ್ನು ಓದುವ ಬಬಲೇಶ್ವರದ ಹೆಣ್ಣುಮಗಳು ಅದರಲ್ಲಿ ತಾನೂ ಇದ್ದೇನೆಂದು ತಿಳಿಯಬೇಕು. ಕನ್ನಡದ ‘ಅವನು’ ಈ ಭಾರವನ್ನು ಹೊರಲಾರದು.

ವಿಜಯಪುರದಲ್ಲಿ ಕುಳಿತು ಕನ್ನಡದ ಸರ್ವನಾಮವನ್ನು ಇಂಗ್ಲಿಷಿಗೆ ದಾಟಿಸಿದವರಲ್ಲಿ ಮೊದಲಿಗರು ವಕೀಲರೇ ಆಗಿದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ವಕೀಲಿ ವೃತ್ತಿಗೆಂದು ಈ ಊರಿಗೆ ಬಂದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಹಿತಚಿಂತಕ ಮುದ್ರಣಾಲಯ, 1926ರಿಂದ ‘ಶಿವಾನುಭವ’ ಪತ್ರಿಕೆ ಇವೆಲ್ಲ ಆಮೇಲಿನವು. ಬಸವಣ್ಣನವರ ವಚನಗಳ ಅವರ ಇಂಗ್ಲಿಷ್ ಅನುವಾದ ಇದಕ್ಕೂ ಮುಂಚೆ, 1922ರಲ್ಲಿ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂದಿತ್ತು. ಹಳಕಟ್ಟಿಯವರ ಸಂಗ್ರಹ ಸಂಪಾದನೆಗಳ ಕುರಿತು ವಿಪುಲವಾಗಿ ಬರೆಯಲಾಗಿದೆ. ಅನುವಾದಕರಾಗಿ ಅವರನ್ನು ನೋಡಿದ ಬರೆಹಗಳು ವಿರಳ. ವಚನವನ್ನು ಇಂಗ್ಲಿಷಿಗೆ ತರುವವನ ಮುಂದೆ ಮೊದಲು ನಿಲ್ಲುವ ಸಮಸ್ಯೆ ತತ್ತ್ವದ್ದಲ್ಲ, ಸರ್ವನಾಮದ್ದು. ಒಬ್ಬನೇ ವಚನಕಾರನು ದೇವರನ್ನು ಒಮ್ಮೆ ‘ನೀನು’ ಎನ್ನುತ್ತಾನೆ, ಒಮ್ಮೆ ‘ನಿಮ್ಮ’ ಎನ್ನುತ್ತಾನೆ. ಜಗಳದ ಸಲಿಗೆಯಿಂದ ಶರಣಾಗತಿಯ ಗೌರವಕ್ಕೆ ದನಿ ಹೊರಳುವ ಆ ಗಳಿಗೆ ಇಂಗ್ಲಿಷಿನ ‘ಯೂ’ ಎಂಬಲ್ಲಿ ಮಾಯವಾಗುತ್ತದೆ. 1912ರ ಇಂಗ್ಲಿಷ್ ‘ಗೀತಾಂಜಲಿ’ಯ ಅನಂತರ ಭಾರತೀಯ ಭಕ್ತಿಗೀತಗಳ ಅನುವಾದದಲ್ಲಿ ಬಹುಕಾಲ ಮನ್ನಣೆ ಪಡೆದ ‘ದೌ’ ಎಂಬುದ ಹಳೆಯ ಸಲಿಗೆಯನ್ನು ಕಳೆದುಕೊಂಡು ಬರಿಯ ಪ್ರಾರ್ಥನೆಯ ಪದವಾಗಿ ಉಳಿದಿತ್ತು. ಅದನ್ನು ಹಿಡಿದರೆ ಜಗಳ ಹೋಗುತ್ತದೆ.

ವಚನಗಳ ‘ತಾನು’ ಇನ್ನೂ ಕಠಿಣ. ತನ್ನನ್ನು ತಾನು ಅರಿಯುವ ಮಾತು ವಚನಗಳಲ್ಲಿ ಅಡಿಗಡಿಗೆ ಬರುತ್ತದೆ. ಅಲ್ಲಿ ಈ ‘ತಾನು’ ಎಂಬುದಕ್ಕೆ ಹಿಂದೆ ಯಾವ ನಾಮಪದವೂ ಇರುವುದಿಲ್ಲ. ಅದು ಹೇಳುವವನೂ ಹೌದು, ಕೇಳುವವನೂ ಹೌದು, ಇಬ್ಬರೂ ಅಲ್ಲದ ಯಾವನಾದರೂ ಹೌದು. ಬದಲಿ ಪದವೆಂಬ ವಿವರಣೆಯನ್ನು ಮುರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಇಂಗ್ಲಿಷ್ ಅನುವಾದಕನು ‘ಹೀ, ಯೂ, ವನ್’ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ‘ಹೀ’ ಎಂದರೆ ಅದು ಯಾರೋ ಶರಣನ ಕಥೆಯಾಗುತ್ತದೆ, ‘ಯೂ’ ಎಂದರೆ ಬೋಧೆಯಾಗುತ್ತದೆ, ‘ವನ್’ ಎಂದರೆ ಇಂಗ್ಲಿಷ್ ಪ್ರಾಧ್ಯಾಪಕನ ಮಾತಾಗುತ್ತದೆ. ವಚನಾನುವಾದಗಳು ಉಪದೇಶದಂತೆ ಕೇಳಿಸುತ್ತವೆ ಎಂಬ ಆಕ್ಷೇಪಕ್ಕೆ ಮೂಲದ ಧೋರಣೆಗಿಂತ ಈ ಆಯ್ಕೆಯೇ ಎಷ್ಟೋ ವೇಳೆ ಕಾರಣ.

1973ರಲ್ಲಿ ಎ.ಕೆ. ರಾಮಾನುಜನ್ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದಾಗ ಇಂಥ ಕಡೆಗಳಲ್ಲಿ ತೋರಿದ ಎಚ್ಚರವನ್ನು ಹೇಳದಿರಲಾಗದು. ದೇಹದ ಗುರುತುಗಳನ್ನು ಕಂಡು ಲೋಕ ಹೆಣ್ಣೆಂದೂ ಗಂಡೆಂದೂ ಕರೆಯುತ್ತದೆ, ನಡುವಣ ಆತ್ಮ ಎರಡೂ ಅಲ್ಲ ಎಂಬ ಆಶಯದ ದಾಸಿಮಯ್ಯನ ವಚನ ಎಲ್ಲರಿಗೂ ತಿಳಿದುದು. ಅಲ್ಲಿ ಕನ್ನಡಕ್ಕೆ ಒಂದು ಇಕ್ಕಟ್ಟಿದೆ. ‘ಆತ್ಮನು’ ಎಂಬ ರೂಪವೇ ಪುಲ್ಲಿಂಗದ ಪ್ರತ್ಯಯವನ್ನು ಹೊತ್ತಿದೆ. ಗಂಡಲ್ಲ ಎಂದು ಹೇಳುವ ವಾಕ್ಯದ ಕರ್ತೃವಿಗೆ ವ್ಯಾಕರಣ ಗಂಡಿನ ಮುದ್ರೆಯೊತ್ತಿದೆ. ರಾಮಾನುಜನ್ ‘ಸೆಲ್ಫ್’ ಎಂಬ ಪದವನ್ನಿಟ್ಟು, ಅದನ್ನು ಮುಂದಿನ ಮಾತಿಗೆ ಬೆಸೆಯಲು ‘ಹೂ’ ಎನ್ನದೆ ‘ದಟ್’ ಎಂದರು. ಹೀ, ಶೀ, ಇಟ್ ಮೂರರಲ್ಲಿ ಯಾವುದನ್ನೂ ಆರಿಸುವ ಪ್ರಸಂಗ ಬಾರದಂತೆ ವಾಕ್ಯವನ್ನು ಮುಗಿಸಿದರು. ಈ ಸಾಲನ್ನು ಕಾಲೇಜಿನ ವಿದ್ಯಾರ್ಥಿಗೆ ಕೊಟ್ಟು ಮತ್ತೆ ಕನ್ನಡಕ್ಕೆ ತರಲು ಹೇಳಿದರೆ, ಅವನು ‘ಆತ್ಮವು’ ಎಂದು ಬರೆಯುವನೋ ‘ಆತ್ಮನು’ ಎಂದು ಬರೆಯುವನೋ ಎಂಬಲ್ಲಿ ಅವನ ಕನ್ನಡವೂ ಇಂಗ್ಲಿಷೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ.